ಆದೇಶವನ್ನು ಓದಿ ತಿಳಿಸುವ ವಕೀಲರ ಕಚೇರಿ

ತಂದೆಯ ಆಸ್ತಿಯ ವಿಭಾಗ ದಾವೆಯಲ್ಲಿ ನನ್ನ ತಮ್ಮ ವಾದಿ, ನಾನು ಮತ್ತು ತಂಗಿ ಪ್ರತಿವಾದಿಗಳು. ನಾಲ್ಕು ವರ್ಷಗಳಿಂದ ಈ ಕಚೇರಿಯೇ ನಮ್ಮ ಪ್ರಕರಣ ನಡೆಸುತ್ತಿದೆ. ನಾನು ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಅಲ್ಲಿನ ಹಿರಿಯ ಗುಮಾಸ್ತರಿಗಾಗಿ.

ಮೊದಲು ಬೇರೆ ವಕೀಲರಿದ್ದರು. ಮಳಿಗೆಯ ಬಾಡಿಗೆ ನನ್ನ ಖಾತೆಗೆ ಬರುತ್ತಿತ್ತು; ಅದನ್ನು ಪ್ರತಿ ತಿಂಗಳು 10ರೊಳಗೆ ನ್ಯಾಯಾಲಯದಲ್ಲಿ ಠೇವಣಿ ಇಡಬೇಕೆಂದು ಮಧ್ಯಂತರ ಆದೇಶವಾಯಿತು. ‘ಮೇಲ್ಮನವಿ ಹಾಕಿದ್ದೇವಲ್ಲ, ಅವಸರವೇನಿಲ್ಲ’ ಎಂದರು ಆ ವಕೀಲರು. ಮೂರು ತಿಂಗಳು ಕಳೆದವು. ಇಲ್ಲಿಗೆ ಬಂದ ದಿನ ಗುಮಾಸ್ತರು ಆದೇಶದ ಪ್ರತಿಯನ್ನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿ ಕೊನೆಗೆ ಕೇಳಿದರು: ‘ಅಮ್ಮಾ, ತಡೆಯಾಜ್ಞೆ ಎಲ್ಲಿದೆ?’ ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಕೆಳಗಿನ ಆದೇಶ ನಿಲ್ಲುವುದಿಲ್ಲ, ಮೇಲಿನ ನ್ಯಾಯಾಲಯ ತಡೆ ನೀಡಬೇಕು ಎಂಬುದು ನನಗೆ ಅಂದೇ ತಿಳಿದದ್ದು. ಅದೇ ವಾರ ಬಾಕಿಯಷ್ಟನ್ನೂ ಕಟ್ಟಿಸಿದರು. ವಿಳಂಬವನ್ನು ಮನ್ನಿಸಲು ಕೋರಿ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಿ, ಹಣ ಕಟ್ಟಿದ ಚಲನ್ನಿನ ನಕಲನ್ನು ಮೆಮೊ ಎಂಬ ಚಿಕ್ಕ ಟಿಪ್ಪಣಿಯೊಂದಿಗೆ ಕಡತಕ್ಕೆ ಸೇರಿಸಿದರು.

ಅಂದಿನಿಂದ ಪ್ರತಿ ಆದೇಶಕ್ಕೂ ಒಂದು ಹಾಳೆ ಕೊಡುತ್ತಾರೆ: ಏನು ಮಾಡಬೇಕು, ಯಾವ ದಿನಾಂಕದೊಳಗೆ, ಪುರಾವೆ ಏನು. ವಾಯಿದೆಗೆ ಎರಡು ದಿನ ಮುಂಚೆ ಫೋನ್ ಬರುತ್ತದೆ.

ಯಥಾಸ್ಥಿತಿ ಕಾಪಾಡಬೇಕೆಂಬ ತಡೆಯಾಜ್ಞೆ ಇದ್ದಾಗಲೇ ನನ್ನ ತಮ್ಮ ಹಿತ್ತಲಲ್ಲಿ ಗೋಡೆ ಎಬ್ಬಿಸಿದ. ತಂಗಿ ಆಳುಗಳನ್ನು ಕರೆಸಿ ಕೆಡವಲು ಹೊರಟಳು. ವಕೀಲರು ಅವಳನ್ನು ಕೂರಿಸಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 2ಎ ನಿಯಮ ತೆಗೆದು ತೋರಿಸಿದರು. ತಡೆಯಾಜ್ಞೆ ಮೀರಿದವರ ಆಸ್ತಿ ಜಪ್ತಿಯಾಗಬಹುದು, ಮೂರು ತಿಂಗಳವರೆಗೆ ಸಿವಿಲ್ ಬಂಧನವೂ ಆಗಬಹುದು. ‘ಅವರು ಮೀರಿದ್ದಕ್ಕೆ ಅರ್ಜಿ ಹಾಕೋಣ. ನೀವು ಕೆಡವಿದರೆ ಇದೇ ನಿಯಮ ನಿಮ್ಮ ಮೇಲೂ ಬರುತ್ತದೆ’ ಎಂದರು. ನಾವು ಫೋಟೊ ತೆಗೆದು ಅರ್ಜಿ ಹಾಕಿದೆವು. ಅಂದು ಸುಮ್ಮನಿರುವುದು ಎಷ್ಟು ಕಷ್ಟವಾಗಿತ್ತೆಂದು ನನಗೇ ಗೊತ್ತು. ಹುಟ್ಟಿದ ಮನೆಯ ಹಿತ್ತಲು ಅದು.

ಯಾರ ಪಾಲು ಎಷ್ಟೆಂದು ತೀರ್ಮಾನಿಸುವ ಪ್ರಾಥಮಿಕ ಡಿಕ್ರಿಯಲ್ಲಿ ಮೂವರಿಗೂ ತಲಾ 1/3 ಪಾಲು ಬಂತು. ಅಳತೆಗೆ ನ್ಯಾಯಾಲಯ ನೇಮಿಸಿದ ಕಮಿಷನರ್ ಬರುವ ಹಿಂದಿನ ದಿನ ಗುಮಾಸ್ತರು ಹೇಳಿದ್ದು ಇಷ್ಟೇ: ಎಲ್ಲ ಕೋಣೆಗಳ ಬೀಗದ ಕೈ ತನ್ನಿ, ಅಲ್ಲಿ ವಾದಕ್ಕಿಳಿಯಬೇಡಿ. ನಕ್ಷೆಯಲ್ಲಿ ಬಾವಿಯ ಕಡೆಯ ಓಣಿ ಬಿಟ್ಟುಹೋಗಿತ್ತು. ವರದಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಿದೆವು, ಮರು ಅಳತೆಗೆ ಆದೇಶವಾಯಿತು.

ಕೊರತೆಗಳೂ ಇವೆ. ಹಗಲಿನಲ್ಲಿ ವಕೀಲರು ಫೋನಿಗೆ ಸಿಗುವುದಿಲ್ಲ. ನಕಲು ಶುಲ್ಕಕ್ಕೆ ರಸೀದಿ ಕೇಳಿ ಪಡೆಯಬೇಕು. ಇದನ್ನು ಅವರು ತಿದ್ದಿಕೊಳ್ಳಲೇಬೇಕು. ಹೊಸದಾಗಿ ಹೋಗುವವರು ಈವರೆಗಿನ ಎಲ್ಲ ಆದೇಶಗಳ ದೃಢೀಕೃತ ನಕಲು ಒಯ್ಯಿರಿ, ಗುಮಾಸ್ತರು ಮೊದಲು ಕೇಳುವುದು ಅದನ್ನೇ. ನಮ್ಮದು ಈಗ ಆಸ್ತಿಯನ್ನು ಪಾಲಿನಂತೆ ಹಂಚಿಕೊಡುವ ಅಂತಿಮ ಡಿಕ್ರಿಯ ಹಂತದಲ್ಲಿದೆ. ಅದನ್ನು ಛಾಪಾ ಕಾಗದದ ಮೇಲೆ ಬರೆಸಬೇಕಾಗುತ್ತದೆ, ಹಣ ಹೊಂದಿಸಿಕೊಳ್ಳಿ ಎಂದು ಅವರು ಆಗಲೇ ಹಾಳೆ ಕೊಟ್ಟಿದ್ದಾರೆ.