ಅಲ್ಯೂಮಿನಿಯಂ ಊರುಗೋಲು: ಬಲ ಮೊಣಕಾಲಿನ ಸವೆತಕ್ಕೆ ಮೂರು ವರ್ಷ ಬಳಸಿದ ಮೇಲೆ

ನನಗೀಗ 68. ಕಲಬುರಗಿಯ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ನಿಂತುಕೊಂಡೇ ಪಾಠ ಹೇಳಿದವಳು. ಬಲ ಮೊಣಕಾಲಿನ ಒಳಬದಿ ಸವೆದಿದೆ ಎಂದು ಗೊತ್ತಾದದ್ದು ನಿವೃತ್ತಿಯ ನಂತರ. ನಿಲ್ಲಿಸಿ ಎಕ್ಸ್‌ರೇ ತೆಗೆದರು. ಮಲಗಿಸಿ ತೆಗೆದರೆ ಎಲುಬಿನ ನಡುವಿನ ಸಂದು ಇರುವುದಕ್ಕಿಂತ ಅಗಲವಾಗಿ ಕಾಣುತ್ತದಂತೆ. ಸವೆತ ನಾಲ್ಕರಲ್ಲಿ ಮೂರನೇ ಗ್ರೇಡು ಎಂದ ಡಾಕ್ಟರು, ಆಪರೇಷನ್ ಈಗಲೇ ಬೇಡ, ತೂಕ ಇಳಿಸಿ, ತೊಡೆಗೆ ಬಲ ಬರುವ ವ್ಯಾಯಾಮ ಮಾಡಿ, ಬಡಿಗಿ (ಊರುಗೋಲಿಗೆ ನಮ್ಮ ಕಡೆಯ ಮಾತು) ಹಿಡಿಯಿರಿ ಎಂದರು. ಮೊದಲಿನ ಎರಡಕ್ಕೆ ತಲೆಯಾಡಿಸಿ ಬಂದೆ. ಬಡಿಗಿ ಮಾತ್ರ ಮನಸ್ಸಿಗೆ ಬರಲಿಲ್ಲ. ನಮ್ಮಲ್ಲಿ ಬಡಿಗಿ ಹಿಡಿದವರನ್ನು ನೋಡುವ ರೀತಿಯೇ ಬೇರೆ.

ಕೊನೆಗೆ ಕೊಂಡದ್ದು 2022ರಲ್ಲಿ, ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಲ್ಲಿ, 550 ರೂಪಾಯಿಗೆ. ಒಂದೇ ಕಾಲಿನದು, ಮಡಚಲು ಬರುವುದಿಲ್ಲ. ಕೆಳಗಿನ ಕೊಳವೆಯಲ್ಲಿ ಸಾಲಾಗಿ ತೂತುಗಳಿವೆ, ಗುಂಡಿ ಒತ್ತಿ ಎತ್ತರ ಬದಲಿಸಬಹುದು. ಅಂಗಡಿಯವನು ಗುಂಡಿ ಹೇಗೆ ಒತ್ತಬೇಕು ಎಂದು ತೋರಿಸಿದ. ಎಷ್ಟು ಎತ್ತರಕ್ಕೆ ಇಡಬೇಕು, ಯಾವ ಕೈಯಲ್ಲಿ ಹಿಡಿಯಬೇಕು ಎಂದು ಹೇಳಲಿಲ್ಲ. ಈ ವಿಷಯದಲ್ಲಿ ನನಗೆ ಇವತ್ತಿಗೂ ಬೇಸರವಿದೆ. ನಾಲ್ಕು ತಿಂಗಳು ಅದನ್ನು ಬಲಗೈಯಲ್ಲಿ ಹಿಡಿದು, ಸೊಂಟಕ್ಕಿಂತ ಮೇಲೆ ಇಟ್ಟುಕೊಂಡು ನಡೆದೆ. ಮೊಣಕಾಲಿನ ನೋವು ಹಾಗೇ ಇತ್ತು, ಜೊತೆಗೆ ಭುಜ ಹಿಡಿದುಕೊಂಡಿತು.

ತಪ್ಪು ಕಂಡುಹಿಡಿದವಳು ಫಿಸಿಯೋಥೆರಪಿ ಮಾಡಿಸುವ ಹುಡುಗಿ. ನಾನು ಬಾಗಿಲಿನಿಂದ ಕುರ್ಚಿಯವರೆಗೆ ನಡೆದದ್ದನ್ನು ನೋಡಿದವಳೇ ಕೇಳಿದಳು:

"ಟೀಚರ್, ನೋವು ಯಾವ ಕಾಲಿಗ್ರಿ?"

"ಬಲಗಾಲಿಗವ್ವ."

"ಮತ್ತ ಬಡಿಗಿ ಎಡಗೈಯಾಗ ಹಿಡೀಬೇಕ್ರಿ. ಉಲ್ಟಾ ಆಗ್ಯದ ನೋಡ್ರಿ."

ನನ್ನನ್ನು ಚಪ್ಪಲಿ ಹಾಕಿಸಿ ನೆಟ್ಟಗೆ ನಿಲ್ಲಿಸಿ, ಕೈ ಸಡಿಲ ಬಿಡಿಸಿ, ಮಣಿಕಟ್ಟಿನ ಗೆರೆಗೆ ಹಿಡಿಕೆ ಬರುವಂತೆ ಎರಡು ತೂತು ಕೆಳಗಿಳಿಸಿದಳು. ಹಿಡಿದಾಗ ಮೊಣಕೈ ಸ್ವಲ್ಪವೇ ಬಾಗಿರಬೇಕು. ಬಲಗಾಲು ಮುಂದೆ ಹೋಗುವಾಗಲೇ ಎಡಗೈಯ ಬಡಿಗಿಯೂ ಹೋಗಬೇಕು. ಬರಿಗೈಲಿ ನಡೆಯುವಾಗಲೂ ಬಲಗಾಲಿನ ಜೊತೆ ಎಡಗೈ ತಾನೇ ಮುಂದೆ ಬರುತ್ತದಲ್ಲ, ಅದೇ ಲಯ. ನೋವಿನ ಕಾಲು ನೆಲ ಊರಿದ ಹೊತ್ತಿಗೆ ಮೈಭಾರದ ಒಂದು ಪಾಲು ಎದುರು ಬದಿಯ ಕೈಯಿಂದ ಬಡಿಗಿಗೆ ಇಳಿಯುತ್ತದೆ, ಸವೆದ ಒಳಬದಿಯ ಮೇಲಿನ ಒತ್ತಡ ಅಷ್ಟು ಕಡಿಮೆಯಾಗುತ್ತದೆ.

ಮೊದಲ ಮೂರು ವಾರ ಸುಸ್ತಾಯಿತು. ಕೈ, ಕಾಲು, ಬಡಿಗಿ ಮೂರನ್ನೂ ಲೆಕ್ಕ ಹಾಕಿ ನಡೆಯುವುದು ಸುಲಭವಲ್ಲ. ಅಲ್ಲಿಗೇ ಬಿಟ್ಟವರನ್ನು ನಾನು ಬಲ್ಲೆ, ದಯವಿಟ್ಟು ಬಿಡಬೇಡಿ. ಎರಡನೇ ತಿಂಗಳಿಗೆ ಲೆಕ್ಕ ಮರೆತೇಹೋಯಿತು. ಅಪ್ಪನ ಕೆರೆಯ ಕಡೆ ಹತ್ತು ನಿಮಿಷಕ್ಕೆ ಕೂತುಬಿಡುತ್ತಿದ್ದವಳು ಈಗ ಬೆಳಿಗ್ಗೆ ಅರ್ಧ ಗಂಟೆ ನಡೆಯುತ್ತೇನೆ. ಮೆಟ್ಟಿಲಿಗೆ ಹುಡುಗಿ ಕಲಿಸಿದ ಸೂತ್ರ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಬಡಿಗಿ ಮತ್ತು ನೋವಿನ ಕಾಲು ಮೊದಲು. ಕೆಕೆಆರ್‌ಟಿಸಿ ಬಸ್ಸಿನ ಮೊದಲ ಮೆಟ್ಟಿಲು ನನ್ನಂಥವರಿಗೆ ಬಹಳ ಎತ್ತರ. ಶಕ್ತಿ ಯೋಜನೆ ಬಂದ ಮೇಲೆ ಗಾಣಗಾಪುರಕ್ಕೆ ಎರಡು ಸಲ ಹೋಗಿಬಂದೆ. ಎರಡೂ ಸಲ ಹಿಡಿಕೆಯ ದಾರವನ್ನು ಮುಂಗೈಗೆ ಸಿಕ್ಕಿಸಿಕೊಂಡು, ಖಾಲಿಯಾದ ಕೈಗಳಿಂದ ಸರಳು ಹಿಡಿದು ಹತ್ತಿದೆ. ಕೊಳ್ಳುವಾಗ ದಾರ ಇದೆಯೇ ನೋಡಿ, ಇಲ್ಲದಿದ್ದರೆ ನೀವೇ ಕಟ್ಟಿ.

ಇನ್ನು ಬುಡದ ರಬ್ಬರ್ ಬುಷ್. ನಮ್ಮ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ, ಒರೆಸಿದ ಮೇಲೆ ನೀರಿನ ಪಸೆ ಉಳಿದರೆ ಜಾರುತ್ತದೆ. ಕೊಂಡ ಎಂಟನೇ ತಿಂಗಳಲ್ಲಿ ಅಡುಗೆಮನೆ ಬಾಗಿಲಲ್ಲಿ ಬಡಿಗಿ ಸರ್‍ರನೆ ಜಾರಿತು. ಚೌಕಟ್ಟು ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ. ತಿರುಗಿಸಿ ನೋಡಿದರೆ ಬುಷ್‌ನ ಅಡಿಯ ಉಂಗುರದಂಥ ಗೆರೆಗಳು ಒಂದು ಬದಿಗೆ ಪೂರ್ತಿ ಮಾಯ, ಅಂಗೈಯಷ್ಟು ನುಣುಪು. ಇನ್ನೊಂದು ಬದಿಯಲ್ಲಿ ಗೆರೆ ಹೊಸದರಂತೆಯೇ ಇದ್ದವು. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಬುಷ್ ತಿರುಗಿಸಿ ನೋಡುತ್ತೇನೆ. ಮೂರು ವರ್ಷಕ್ಕೆ ನಾಲ್ಕು ಬದಲಿಸಿದ್ದೇನೆ, ಒಂದಕ್ಕೆ 40 ರೂಪಾಯಿ. ಹೋಗುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ, ಕೊಳವೆಯ ದಪ್ಪ ಒಂದೊಂದು ಬಡಿಗಿಗೆ ಒಂದೊಂದು ಥರ ಇರುತ್ತದೆ.

ಉಳಿದ ದೋಷಗಳು ಸಣ್ಣವು. ಎತ್ತರದ ಗುಂಡಿಯ ಕೆಳಗಿನ ತಿರುಪು ಉಂಗುರ ಸಡಿಲಾದರೆ ಹೆಜ್ಜೆಗೊಮ್ಮೆ ಕಟಕಟ ಎನ್ನುತ್ತದೆ, ಕೈಯಲ್ಲೇ ಬಿಗಿ ಮಾಡಬಹುದು. ಹಿಡಿಕೆಯ ಸ್ಪಂಜು ನಮ್ಮ ಮೇ ತಿಂಗಳ ಬಿಸಿಲಿಗೆ ಅಂಟಂಟಾಗಿ ಎರಡನೇ ಬೇಸಿಗೆಗೆ ಕಿತ್ತುಹೋಯಿತು. ಹಳೇ ಹತ್ತಿ ಸೀರೆಯ ಪಟ್ಟಿ ಸುತ್ತಿ ಹೊಲಿದಿದ್ದೇನೆ. ಅದು ಬೆವರು ಹೀರುತ್ತದೆ, ಕೈಗೂ ಹಿತ.

ಬಡಿಗಿಯೊಂದರಿಂದಲೇ ಎಲ್ಲ ಆಯಿತು ಎಂದರೆ ಸುಳ್ಳಾದೀತು. ಕುರ್ಚಿಯಲ್ಲಿ ಕೂತು ಕಾಲು ನೆಟ್ಟಗೆ ಚಾಚಿ ಐದು ಎಣಿಸುವವರೆಗೆ ಹಿಡಿಯುವುದು, ಮಲಗಿ ಮೊಣಕಾಲ ಕೆಳಗಿನ ಟವೆಲ್ ಸುರುಳಿಯನ್ನು ಒತ್ತುವುದು, ಇವನ್ನು ದಿನಾ ಎರಡು ಹೊತ್ತು ಮಾಡುತ್ತೇನೆ. ಬಿಟ್ಟ ವಾರ ನೋವು ತಾನಾಗಿ ನೆನಪಿಸುತ್ತದೆ. 74 ಕಿಲೋ ಇದ್ದವಳು 69ಕ್ಕೆ ಬಂದಿದ್ದೇನೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು ತಿಳಿದ ಮೇಲೆ ಹಬ್ಬದ ಹೋಳಿಗೆಯೂ ಒಂದೇ. ರೊಟ್ಟಿ ಬಡಿಯುವುದನ್ನು ನೆಲದಿಂದ ಕಟ್ಟೆಗೆ ಏರಿಸಿದೆವು. ನೆಲದಿಂದ ಏಳಲು ಬಡಿಗಿ ಕೆಲಸಕ್ಕೆ ಬರುವುದಿಲ್ಲ, ಊರಿ ಏಳಹೋದರೆ ಅದೇ ಓರೆಯಾಗಿ ಬೀಳಿಸುತ್ತದೆ.

ನೋವು ಹೆಚ್ಚಾದ ದಿನ ಡೈಕ್ಲೋಫೆನಾಕ್ ಜೆಲ್ ಹಚ್ಚುತ್ತೇನೆ. ಬಿಪಿ ಇರುವವರು ನೋವಿನ ಗುಳಿಗೆಯನ್ನು ಅಂಗಡಿಯಲ್ಲಿ ಕೇಳಿ ದಿನಾ ನುಂಗಬಾರದು, ಮೂತ್ರಪಿಂಡಕ್ಕೂ ಹೊಟ್ಟೆಗೂ ಪೆಟ್ಟು. ಕೀಲಿಗೆ ಒಳ್ಳೆಯದೆಂದು ಮಾರುವ ಗ್ಲುಕೋಸಮಿನ್ ಪುಡಿಯನ್ನು ಆರು ತಿಂಗಳು ಕುಡಿದೆ. ಅದಕ್ಕೆ ಹೋದ ದುಡ್ಡಿಗೆ ಇಂಥ ಹತ್ತು ಬಡಿಗಿ ಬರುತ್ತಿದ್ದವು, ಗುಣ ಮಾತ್ರ ಕಾಣಲಿಲ್ಲ. ಆಮೇಲೆ ಮಗಳು ಅಮೆರಿಕದ ಕೀಲುರೋಗದ ಡಾಕ್ಟರುಗಳ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿಯ 2019ರ ಮಾರ್ಗಸೂಚಿ ಓದಿ ಹೇಳಿದಳು. ಅದರಲ್ಲಿ ಗ್ಲುಕೋಸಮಿನ್ ಬೇಡವೆಂದೇ ಇದೆ. ವ್ಯಾಯಾಮ, ತೂಕ ಇಳಿಸುವುದು, ಊರುಗೋಲು, ಹಚ್ಚುವ ಜೆಲ್ ಇವನ್ನು ಒತ್ತಿ ಹೇಳಿದ್ದಾರೆ. ಸವೆದದ್ದು ನನಗೆ ಮರಳಿ ಬೆಳೆದಿಲ್ಲ, ಮುಂದೊಂದು ದಿನ ಆಪರೇಷನ್ ಬೇಕಾಗಬಹುದು. ಮೊಣಕಾಲು ಒಮ್ಮೆಲೇ ಕೆಂಪಾಗಿ ಊದಿ ಜ್ವರ ಬಂದರೆ, ಮಡಚಿದಲ್ಲೇ ಸಿಕ್ಕಿಕೊಂಡರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಬೇಕು.

ಹೋದ ತಿಂಗಳು ಆಳಂದದ ವೈನಿಯ ಮನೆಗೆ ಹೋಗಿದ್ದೆ. ತೀರಿಹೋದ ನಮ್ಮ ಅಣ್ಣನ ಕಟ್ಟಿಗೆ ಬಡಿಗಿಯನ್ನೇ ಹಿಡಿದು ಓಡಾಡುತ್ತಿದ್ದರು. ಎದೆ ಮಟ್ಟಕ್ಕೆ ಬರುತ್ತಿತ್ತು, ಬುಡದಲ್ಲಿ ರಬ್ಬರೂ ಇರಲಿಲ್ಲ, ಹಿಡಿದದ್ದೂ ನೋವಿದ್ದ ಕಡೆಗೇ. ಬೇರೆಯದು ಕೊಡಿಸುತ್ತೇನೆ ಎಂದರೆ ಒಪ್ಪಲಿಲ್ಲ. "ಅವರದೇ ಇರ್ಲವ್ವ" ಅಂದರು. ಚಪ್ಪಲಿ ಹಾಕಿಸಿ ನಿಲ್ಲಿಸಿ ಮಣಿಕಟ್ಟಿನ ಗೆರೆಗೆ ಸೀಮೆಸುಣ್ಣದ ಗುರುತು ಹಾಕಿದೆ. ಮೊಮ್ಮಗ ಮೇಲಿನ ಹಿಡಿಕೆ ಹಾಗೇ ಉಳಿಸಿ, ಗುರುತಿನ ಮೇಲೆ ಎಷ್ಟು ಉದ್ದವಿತ್ತೋ ಅಷ್ಟನ್ನು ಬುಡದಿಂದ ಗರಗಸ ಹಾಕಿ ಕೊಯ್ದ. ನನ್ನ ಚೀಲದಲ್ಲಿದ್ದ ಹೊಸ ಬುಷ್ ಬಿಗಿಯಾಗಿ ಕೂತಿತು. ವೈನಿ ಅದನ್ನು ಎಡಗೈಗೆ ಬದಲಿಸಿಕೊಂಡು, ಅಂಗಳದ ತುಳಸಿಕಟ್ಟೆಯವರೆಗೆ ಹೋಗಿ, ನಿಲ್ಲದೆ ತಿರುಗಿ ಬಂದರು.