ಡಬ್‌ಸ್ಟೆಪ್ ಅರೇಂಜ್‌ಮೆಂಟ್: ಎಐಯಿಂದ ಆಡಿಯೊ ಪಡೆಯುವುದೋ, ನಕ್ಷೆ ಪಡೆಯುವುದೋ?

ಡಬ್‌ಸ್ಟೆಪ್ (ಗುಡುಗುವ ಬೇಸ್‌ನ ಎಲೆಕ್ಟ್ರಾನಿಕ್ ಸಂಗೀತ) ಟ್ರ್ಯಾಕಿನ ಭಾಗಗಳನ್ನು ಜೋಡಿಸಲು ಎಐಯನ್ನು ಎರಡು ರೀತಿ ಬಳಸಬಹುದು. ಸುನೋದಂಥ ಸಂಗೀತ ಜನರೇಟರ್ ಇಡೀ ಟ್ರ್ಯಾಕನ್ನೇ ಆಡಿಯೊ ಆಗಿ ಕೊಡುತ್ತದೆ. ಚಾಟ್ ಮಾದರಿಯ ಎಐ ಕೊಡುವುದು ಬಾರ್‌ಗಳ (ನಾಲ್ಕು ಬೀಟಿನ ಅಳತೆ) ಲೆಕ್ಕವನ್ನಷ್ಟೇ, ಅಂದರೆ ನಕ್ಷೆಯನ್ನಷ್ಟೇ, ಸದ್ದು ನಿಮ್ಮದೇ.

ಮೊದಲನೆಯದು ವೇಗ. ಆದರೆ ಪ್ರಾಜೆಕ್ಟಿಗೆ ತಂದಾಗ ಟೆಂಪೊ 140 ಬಿಪಿಎಂಗೆ (ನಿಮಿಷಕ್ಕೆ 140 ಬೀಟ್) ಸರಿಯಾಗಿ ಕೂರದಿದ್ದರೆ, ಡ್ರಾಪ್ (ಬೇಸ್ ಪೂರ್ತಿ ಅಪ್ಪಳಿಸುವ ಭಾಗ) ಬರುವ ಹೊತ್ತಿಗೆ ಕಿಕ್ ಡ್ರಮ್ ಬೀಟಿನ ಗ್ರಿಡ್‌ನಿಂದ ಜಾರಿರುತ್ತದೆ. ಮೊದಲ ಡೌನ್‌ಬೀಟನ್ನು (ಬಾರ್‌ನ ಮೊದಲ ಬೀಟ್) ಬಾರ್‌ನ ಗೆರೆಗೆ ಕೂರಿಸಿ, ಆಮೇಲೆ ವಾರ್ಪ್ ಮಾಡಿ (ಆಡಿಯೊವನ್ನು ಟೆಂಪೊಗೆ ತಕ್ಕಂತೆ ಹಿಗ್ಗಿಸಿ-ಕುಗ್ಗಿಸಿ). ಆಪಲ್‌ನ ಸಂಗೀತ ತಂತ್ರಾಂಶ ಲಾಜಿಕ್ ಪ್ರೊ 11ರ ಸ್ಟೆಮ್ ಸ್ಪ್ಲಿಟರ್ ಡ್ರಮ್ಸ್, ಬೇಸ್, ವೋಕಲ್ಸ್, 'ಇತರೆ' ಎಂದು ಸ್ಟೆಮ್‌ಗಳಾಗಿ (ಬಿಡಿ ಟ್ರ್ಯಾಕ್) ಬಿಡಿಸಿಕೊಡುತ್ತದೆ, ನಿಜ. ಆದರೆ ಡಬ್‌ಸ್ಟೆಪ್ಪಿನ ಗ್ರೌಲ್ (ಗುರುಗುಟ್ಟುವ ಬೇಸ್) ಗುಡುಗುವುದು ಮಧ್ಯ ಆವರ್ತನದಲ್ಲಿ. ಹಾಗಾಗಿ ಅದು ಅರ್ಧ ಬೇಸ್ ಸ್ಟೆಮ್‌ಗೆ, ಅರ್ಧ 'ಇತರೆ'ಗೆ ಹರಿದುಹೋಗಬಹುದು. ಸುಮಾರು 90 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ ನಿಮ್ಮದೇ ಸೈನ್ ಸಬ್ (ಅತಿ ಕೆಳಗಿನ ಶುದ್ಧ ಬೇಸ್ ಸ್ವರ) ಹಾಕುವುದು ವಾಸಿ.

ಎರಡನೆಯದರಲ್ಲಿ ಕೈಕೆಲಸ ಹೆಚ್ಚು, ಹಿಡಿತವೂ ಹೆಚ್ಚು. "140 ಬಿಪಿಎಂ, ಹಾಫ್‌ಟೈಮ್, ಸ್ನೇರ್ 3ನೇ ಬೀಟಿಗೆ, ಇಂಟ್ರೊ 16, ಬಿಲ್ಡಪ್ 8, ಡ್ರಾಪ್ 16 ಬಾರ್" ಎಂದು ಖಚಿತವಾಗಿ ಕೇಳಿ, ಉತ್ತರವನ್ನು ಮಾರ್ಕರ್‌ಗಳಾಗಿ ಇಡಿ. (ಹಾಫ್‌ಟೈಮ್ ಅಂದರೆ ಅರ್ಧ ವೇಗದಂತೆ ಕೇಳುವ ಡ್ರಮ್ಸ್; 16 ಬಾರ್ ಅಂದರೆ ಸುಮಾರು 27 ಸೆಕೆಂಡು.) ಎರಡನೇ ಡ್ರಾಪ್ ಮೊದಲನೆಯದರ ನಕಲಾಗಿ ಬಂದರೆ ಪ್ರತಿ 4 ಬಾರ್‌ಗೆ ಬೇಸ್ ಪ್ಯಾಚ್ (ಸಿಂತ್‌ನಲ್ಲಿ ಆರಿಸಿದ ಸದ್ದು) ಬದಲಿಸಿ, ಬಿಲ್ಡಪ್ಪಿನ ಕೊನೆಯ ಎರಡು ಬೀಟ್ ಖಾಲಿ ಬಿಡಿ, ಪೆಟ್ಟು ಅಲ್ಲೇ ಹುಟ್ಟುವುದು.

ವೋಕಲ್ ಚಾಪ್ (ಕತ್ತರಿಸಿ ಜೋಡಿಸಿದ ದನಿಯ ತುಣುಕು), ಇಂಟ್ರೊದ ವಾತಾವರಣ ಬೇಕಿದ್ದರೆ ಜನರೇಟರ್ ಸಾಕು. ಡ್ರಾಪ್‌ಗೆ ಮಾತ್ರ ಚಾಟ್ ಎಐಯ ನಕ್ಷೆಯೇ.