ದಾಖಲೆ ಬರೆಯುವ ಕೋಡ್ ಎಲ್ಲಿರಬೇಕು: ಕ್ಲಾಸ್ ಒಳಗಾ, ಆಸ್ಪೆಕ್ಟ್‌ನಲ್ಲಾ?

ಕಲಬುರಗಿಯ ಒಂದು ದಾಲ್ ಮಿಲ್‌ಗೆ ಸಾಫ್ಟ್‌ವೇರ್ ಬರೆದಿದ್ದೆ. ತೊಗರಿ ತೂಕ, ದರ, ಪಾವತಿ, ಎಲ್ಲಕ್ಕೂ ಬೇರೆ ಕ್ಲಾಸ್ (ಒಂದು ವಿಷಯದ ಕೋಡ್ ಒಟ್ಟಿಗಿರುವ ಘಟಕ). ಆದರೆ ‘ಯಾರು, ಯಾವಾಗ ಬದಲಿಸಿದರು’ ಅಂತ ಬರೆದಿಡುವ ಅದೇ ನಾಲ್ಕು ಸಾಲು ಎಲ್ಲ ಕಡೆಯೂ ಇತ್ತು. ತೂಕದಲ್ಲಿ ತಿದ್ದಿದೆ, ಪಾವತಿಯಲ್ಲಿ ಮರೆತೆ.

ಹೀಗೆ ಕ್ಲಾಸ್ ಒಳಗೇ ಬರೆದರೆ ಎಲ್ಲವೂ ಕಣ್ಣೆದುರು ಇರುತ್ತದೆ, ಹೊಸಬರಿಗೂ ಬೇಗ ತಿಳಿಯುತ್ತದೆ.

ಇನ್ನೊಂದು ದಾರಿ ಆಸ್ಪೆಕ್ಟ್: ಹಲವು ಕಡೆ ಬರುವ ಕೋಡನ್ನು ಹೊರಗೆ ಒಂದೇ ಕಡೆ ಇಡುವುದು. ಇದನ್ನು 1997ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ ಪಾರ್ಕ್‌ನ (PARC) ಗ್ರೆಗರ್ ಕಿಚಾಲೆಸ್ ತಂಡ ಮುಂದಿಟ್ಟಿತು. ಕೋಡ್ ಎಲ್ಲೆಲ್ಲಿ ಸೇರಬೇಕು ಎನ್ನಲು ‘ದರ ಬದಲಿಸುವ ಪ್ರತಿ ಮೆಥಡ್ (ಕ್ಲಾಸಿನ ಒಂದೊಂದು ಕೆಲಸ)’ ಅಂತ ಪಾಯಿಂಟ್‌ಕಟ್ ಬರೆಯಿರಿ, ಅಲ್ಲಿ ಓಡಬೇಕಾದ ಆ ನಾಲ್ಕು ಸಾಲನ್ನು ಅಡ್ವೈಸ್ ಎಂಬ ಭಾಗದಲ್ಲಿ ಒಮ್ಮೆ ಇಡಿ. ಎರಡನ್ನೂ ಹೆಣೆಯುವ ಕೆಲಸ ವೀವರ್ ಎಂಬ ಸಾಧನದ್ದು. ಡಿಸೈನ್ ಚಿತ್ರದಲ್ಲೇ ಆಸ್ಪೆಕ್ಟನ್ನು ಬೇರೆ ಬಿಡಿಸಿದರೆ ಇನ್ನೂ ಚೆನ್ನ.

ತೊಡಕೂ ಜಾಸ್ತಿ. ಮೆಥಡ್ ಹೆಸರು ಬದಲಿಸಿದರೆ ಪಾಯಿಂಟ್‌ಕಟ್ ಸದ್ದಿಲ್ಲದೆ ತಪ್ಪಿಹೋಗಬಹುದು. ಜಾವಾ ಭಾಷೆಯ ಸ್ಪ್ರಿಂಗ್ ಫ್ರೇಮ್‌ವರ್ಕ್‌ನ ಪ್ರಾಕ್ಸಿ ವಿಧಾನದಲ್ಲಿ (ಹೊರಗಿನ ಕರೆಗಳನ್ನು ನಡುವೆ ನಿಂತು ಹಿಡಿಯುವ ಪ್ರತಿನಿಧಿಯೇ ಪ್ರಾಕ್ಸಿ), ಒಂದು ಮೆಥಡ್ ತನ್ನದೇ ಕ್ಲಾಸಿನ ಇನ್ನೊಂದನ್ನು ನೇರವಾಗಿ ಕರೆದರೆ ಅಡ್ವೈಸ್ ಓಡುವುದೇ ಇಲ್ಲ. ಆ ಕರೆ ಪ್ರಾಕ್ಸಿ ಮೂಲಕ ಹಾದು ಬರುವುದಿಲ್ಲ, ಅಲ್ವಾ? ಇದನ್ನು ಹುಡುಕಲು ನನಗೆ ಒಂದಿಡೀ ರಾತ್ರಿ ಹಿಡಿಯಿತು.

ಮೂರ್ನಾಲ್ಕೇ ಕ್ಲಾಸ್ ಇದ್ದರೆ ಸುಮ್ನೆ ಒಳಗೇ ಬರೆಯಿರಿ. ಲಾಗಿಂಗ್ (ದಾಖಲೆ ಬರೆಯುವುದು), ಅನುಮತಿ, ಟ್ರಾನ್ಸಾಕ್ಷನ್ ಇಪ್ಪತ್ತು ಕಡೆ ಹರಡಿದ್ದರೆ ಆಸ್ಪೆಕ್ಟ್ ಹಿಡಿಯಿರಿ. ತೊಗರಿ ದರದ ಲೆಕ್ಕವನ್ನು ಮಾತ್ರ ಎಂದೂ ಅದರೊಳಗೆ ಹಾಕಬೇಡಿ.